ರಂಗಮ್ಮನ ಕಿವಿಯಳತೆ

ರಂಗಮ್ಮನ ಕಿವಿಯ ಬಗ್ಗೆ ಹಳೇಬೀಡಿನಿಂದ ಅರಸೀಕೆರೆಯವರೆಗೆ ಯಾರನ್ನು ಬೇಕಾದರೂ ಕೇಳಿ. ಕೊಬ್ಬರಿ ಕಂಡವರಾಗಿದ್ದರೆ ಗೊತ್ತಿರುತ್ತದೆ. ಗೊತ್ತಿಲ್ಲ ಅಂದವರು ಕೊಬ್ಬರಿ ಕಂಡವರೇ ಅಲ್ಲ ಅಂದುಕೊಳ್ಳಿ. ವರ್ಷವಿಡೀ ಅಟ್ಟದ ಮೇಲೆ ಬಿದ್ದು ಒಣಗಿದ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಕೈಗೆತ್ತಿಕೊಂಡು, ಕಿವಿಯ ಪಕ್ಕ ಎರಡು ಸಲ ಕುಲುಕಿ, ಸುಲಿಯಬಹುದೋ ಇನ್ನೂ ಕಾಯಬೇಕೋ ಎಂದು ಅವಳು ಹೇಳಿಬಿಡುತ್ತಿದ್ದಳು. ಒಳಗಿನ ತಿರುಳು ಪೂರ್ತಿ ಒಣಗಿ ಗಿಟುಕಾಗಿದ್ದರೆ ಕರಟಕ್ಕೆ ಬಡಿದು ಲೊಟಕ್ ಎನ್ನಬೇಕು. ಒಂದು ಚಮಚ ನೀರು ಉಳಿದಿದ್ದರೂ ಆ ಲೊಟಕ್ಕಿನ ಬೆನ್ನಿಗೇ ಸಣ್ಣದೊಂದು ಚಳಕ್ ಬರುತ್ತದೆ. ಆ ಚಳಕ್ ಕೇಳಿಸಿಕೊಳ್ಳದೆ ಒಡೆದರೆ ಕೊಬ್ಬರಿ ಮೂಟೆಯಲ್ಲೇ ಬೂಷ್ಟು ಹಿಡಿಯುತ್ತದೆ. ನಲವತ್ತು ವರ್ಷದಲ್ಲಿ ರಂಗಮ್ಮನ ಅಟ್ಟದಿಂದ ಹೋದ ಮೂಟೆಯನ್ನು ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಮರಿಯಣ್ಣ ಒಂದು ಸಲವೂ ಬಿಚ್ಚಿ ನೋಡಿದವನಲ್ಲ. "ಆಯಮ್ಮ ಕುಲುಕಿ ಕೊಟ್ ಮೇಲೆ ನಾವೇನ್ ನೋಡೋದು" ಎನ್ನುತ್ತಿದ್ದ.

ಮನೆಗೆ ನಾಯಿ ಬಂದದ್ದೂ ಅದೇ ಕಿವಿಯಿಂದ. ನಾಲ್ಕು ವರ್ಷದ ಹಿಂದೆ ಅಟ್ಟದಿಂದ ಕಾಯಿ ಇಳಿಸುವಾಗ ಹಲಗೆ ಮುರಿದು ಎರಡು ಸಾವಿರ ಕಾಯಿ ಒಂದೇ ಏಟಿಗೆ ದಡದಡ ಸುರಿದವು. ಸದ್ಯ, ಯಾರಿಗೂ ಏನೂ ಆಗಲಿಲ್ಲವಲ್ಲ ಎಂದು ಎಲ್ಲರೂ ಕಾಫಿ ಕುಡಿಯುತ್ತಾ ಕೂತಿದ್ದಾಗ ರಂಗಮ್ಮ ಮಾತ್ರ ಲೋಟ ಕೆಳಗಿಟ್ಟು, "ಶ್... ರಾಶಿ ಅಡೀಲಿ ಏನೋ ಅಳ್ತೈತೆ" ಎಂದಳು. ಬೇರೆ ಯಾರಿಗೂ ಏನೂ ಕೇಳಿಸಿರಲಿಲ್ಲ. ಕಾಯಿ ಸರಿಸುತ್ತಾ ಹೋದರೆ ತಳದಲ್ಲಿ ಕಂದುಬಣ್ಣದ, ದುಂಡಗಿನ ಬೀದಿನಾಯಿಯ ಮರಿ. "ಈ ಸಲದ ಒಳ್ಳೇ ಗಿಟುಕು ಇದೇ ಕಣ್ರೋ" ಎಂದು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಹೋದಳು. ಹೆಸರು ಗಿಟ್ಕಿ ಎಂದೇ ನಿಂತಿತು.

ಜೀವ ಉಳಿಯಿತು, ಆದರೆ ಆ ದಡದಡ ಅದರ ಮೈಯೊಳಗೆ ಹೊಕ್ಕುಬಿಟ್ಟಿತ್ತು. ಕುಕ್ಕರ್ ಕೂಗಿದರೆ ಮಂಚದಡಿ, ಗುಡುಗಿದರೆ ಹಿತ್ತಲ ಮೂಲೆ. ಹೋದ ದೀಪಾವಳಿಯಲ್ಲಿ ಪಕ್ಕದಲ್ಲೇ ಒಂದು ಪಟಾಕಿ ಸಿಡಿದಾಗ ನಾಯಿ ದಿಕ್ಕೆಟ್ಟು ನುಗ್ಗಿತು. ರಂಗಮ್ಮನ ಸೊಸೆ ಹೇಮಾಶ್ರೀ ಹಿಡಿಯಲು ಹೋಗಿ ಮಣಿಕಟ್ಟಿಗೆ ಕಚ್ಚಿಸಿಕೊಂಡಳು. ಅವಳು ಬೇಲೂರಿನ ಆಸ್ಪತ್ರೆಗೆ ಇಂಜೆಕ್ಷನ್‌ಗೆ ಅಲೆದಳು. ನಾಯಿ ಮೂರು ದಿನ ನಾಪತ್ತೆಯಾಗಿ, ಕೊನೆಗೆ ಕೆರೆ ಏರಿಯ ಮೋರಿಯೊಳಗೆ ಸಿಕ್ಕಿತು.

ಆದ್ದರಿಂದ ಈ ವರ್ಷ ಗೌರಿ ಹಬ್ಬ ಮುಗಿಯುತ್ತಿದ್ದಂತೆ ಮಗ ಚೇತನ್‌ಕುಮಾರ್ ಒಂದು ಮಾತು ಹೇಳಿಬಿಟ್ಟ. ಬೇಲೂರಿನಲ್ಲಿ ಪಂಪು, ಪೈಪು ಮಾರುವ ಅಂಗಡಿ ಅವನದು; ಮಾತು ಕಡಿಮೆ, ಆಡಿದ ಮೇಲೆ ಹಿಂದೆ ತೆಗೆಯುವವನಲ್ಲ.

"ಅವ್ವ, ಈ ದೀಪಾವಳೀಲೂ ಇದೇ ಕತೆ ಆದ್ರೆ ನಾಯಿ ಇಂದುಧರನ ತೋಟಕ್ಕೆ ಹೋಗುತ್ತೆ. ಆಮೇಲೆ ಅಳಂಗಿಲ್ಲ ನೀನು."

ಇಂದುಧರ ಎಂದರೆ ಚೇತನನ ಸ್ನೇಹಿತ. ಅರೇಹಳ್ಳಿಯಿಂದ ಆಚೆ ಕಾಫಿ ತೋಟ. ಅಲ್ಲಿ ಆನೆ ಓಡಿಸಲು ವಾರಕ್ಕೆ ನಾಲ್ಕು ದಿನ ಪಟಾಕಿ ಸಿಡಿಸುತ್ತಾರೆ ಎನ್ನುವುದು ರಂಗಮ್ಮನಿಗೂ ಗೊತ್ತಿತ್ತು.

"ಪಟಾಕಿಗೆ ಹೆದರೋ ನಾಯೀನ ಪಟಾಕಿ ಹೊಡಿಯೋ ತಾವಿಗೇ ಕಳಿಸ್ತೀಯೇನೋ? ಬುದ್ಧಿ ಎಲ್ಲಿ ಮಾರ್ಕೊಂಡೆ?"

"ಅಲ್ಲೇ ಇದ್ರೆ ಅಭ್ಯಾಸ ಆಗುತ್ತೆ."

"ಅಭ್ಯಾಸ ಆಗಲ್ಲ ಕಣೋ, ಎದೆ ಒಡ್ಕೊಂಡು ಸಾಯ್ತದೆ!"

ಹೇಮಾಶ್ರೀ ಮಣಿಕಟ್ಟಿನ ಕಲೆಯನ್ನು ಸವರಿಕೊಂಡು ಒಳಗೆ ಹೋದಳು. ಪಾಪ, ಅವಳದೇನು ತಪ್ಪು?

ಮೊಮ್ಮಗಳು ಗಾನವಿ ಬೇಲೂರಿನಲ್ಲಿ ಬಿಎಸ್ಸಿ ಓದುತ್ತಿದ್ದಳು. ಅವಳೇ ಅಜ್ಜಿಯನ್ನೂ ನಾಯಿಯನ್ನೂ ಆಟೋದಲ್ಲಿ ಹಾಕಿಕೊಂಡು ಹಳೇಬೀಡಿನ ದನದ ಆಸ್ಪತ್ರೆಗೆ ಹೋದಳು. ಅಲ್ಲಿನ ಡಾಕ್ಟರ್ ಮಂಜುಳಾ ದಿನವಿಡೀ ರೈತರೊಂದಿಗೆ ಕೂಗಿ ಕೂಗಿ ಮಾತಾಡಿ ಗಂಟಲು ದಪ್ಪ ಮಾಡಿಕೊಂಡಿದ್ದ ಹೆಂಗಸು. ರಂಗಮ್ಮನಿಗೆ ನೋಡಿದ ಕೂಡಲೇ ಹಿಡಿಸಿಬಿಟ್ಟಳು. ಈಗಿನವರೆಲ್ಲ ಬಾಯಿಯೊಳಗೇ ಪಿಟಿಪಿಟಿ ಅನ್ನುತ್ತಾರೆ, ಈಕೆಯಾದರೂ ಬಾಯಿಬಿಟ್ಟು ಮಾತಾಡುತ್ತಾಳಲ್ಲ ಎನಿಸಿತು.

"ಪಟಾಕಿ ಸದ್ದು ರೆಕಾರ್ಡ್ ಮಾಡಿಕೊಳ್ಳಿ" ಎಂದಳು ಡಾಕ್ಟರ್. "ದಿನಾ ಹತ್ತು ನಿಮಿಷ, ತುಂಬ ಸಣ್ಣಗೆ ಹಾಕಿ. ಹಾಕಿದಾಗೆಲ್ಲ ಅದಕ್ಕೆ ಇಷ್ಟವಾದ ತಿಂಡಿ ಕೊಡಿ. ಮೂರು ದಿನಕ್ಕೊಮ್ಮೆ ಕೂದಲೆಳೆಯಷ್ಟು ಏರಿಸಿ. ಪಟಾಕಿ ಅಂದ್ರೆ ತಿಂಡಿ ಅಂತ ಅದರ ತಲೇಲಿ ಕೂರಬೇಕು."

"ಸಣ್ಣಗೆ ಅಂದ್ರೆ ಎಷ್ಟು ಮೇಡಂ?" ಗಾನವಿ ಕೇಳಿದಳು.

"ಮನುಷ್ಯರ ಕಿವಿಗೆ ಕೇಳಿಸಿಯೂ ಕೇಳಿಸದ ಹಾಗೆ."

ಗಾನವಿ ನಕ್ಕಳು. "ಹಾಗಾದ್ರೆ ನಮ್ಮಜ್ಜಿ ಕಿವೀನೇ ಅಳತೆ ಮೇಡಂ. ತೆಂಗಿನಕಾಯಿ ಒಳಗಿನ ಒಂದು ಚಮಚ ನೀರು ಕೇಳಿಸುತ್ತೆ ಇವರಿಗೆ."

"ಮತ್ತಿನ್ನೇನು! ಅವರೇ ಮಾಡಲಿ" ಎಂದು ಡಾಕ್ಟರೂ ನಕ್ಕಳು. ರಂಗಮ್ಮ ಸೆರಗು ಸರಿಮಾಡಿಕೊಂಡಳು. ಇಷ್ಟು ದೊಡ್ಡ ಓದು ಓದಿದವರೇ ಒಪ್ಪಿಕೊಂಡರೆಂದರೆ ಸುಮ್ಮನೆ ಮಾತೇ?

ಚೇತನನ ಅಂಗಡಿಯಲ್ಲಿ ಧೂಳು ತಿನ್ನುತ್ತಿದ್ದ ಡಬ್ಬಿಯಂಥ ಸ್ಪೀಕರ್ ಒಂದು ಬಂತು. ಗಾನವಿ ಪೆನ್‌ಡ್ರೈವಿನಲ್ಲಿ ಪಟಾಕಿ ಸದ್ದು ತುಂಬಿಕೊಟ್ಟಳು. ಸದ್ದು ಏರಿಸಿ ಇಳಿಸುವ ತಿರುಗಣಿಯ ಅಂಕಿಗಳು ಎಂದೋ ಅಳಿಸಿಹೋಗಿದ್ದವು. ಅದಕ್ಕೇನು? ಅಂಕಿ ಯಾರಿಗೆ ಬೇಕು? "ಅಟ್ಟದ ಕೋಣೇಲಿ ಸ್ಪೀಕರ್ ಇಡು ಅಜ್ಜಿ. ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳು. ನಿನಗೆ ಅಲ್ಲಿಗೆ ಕೇಳಿಸ್ತೋ ಇಲ್ವೋ ಅನ್ನೋ ಹಾಗಿದ್ರೆ ಅದೇ ಸರಿ" ಎಂದು ಹೇಳಿಕೊಟ್ಟು ಹುಡುಗಿ ಬಸ್ ಹತ್ತಿದಳು. ಚೇತನ ಅಂಗಡಿಗೆ, ಹೇಮಾಶ್ರೀ ತನ್ನ ಆಫೀಸಿಗೆ. ತೋಟದ ಮನೆಯಲ್ಲಿ ಹನ್ನೊಂದು ಗಂಟೆಗೆ ಉಳಿದವರು ರಂಗಮ್ಮ ಮತ್ತು ಗಿಟ್ಕಿ, ಇಬ್ಬರೇ. ಮನೆ ತುಂಬ ಗಲಾಟೆಯಿರುವ ಭಾನುವಾರ ಪಾಠಕ್ಕೂ ರಜೆ.

ಮೊದಲ ದಿನ ರಂಗಮ್ಮ ಸ್ವಲ್ಪ ತಿರುಗಿಸಿ ಬಾಗಿಲಿಗೆ ಬಂದು ನಿಂತಳು. ಏನೂ ಇಲ್ಲ. ಹೋಗಿ ಇನ್ನಷ್ಟು ತಿರುಗಿಸಿದಳು. ಏನೂ ಇಲ್ಲ. ಹೀಗೆ ಆರೇಳು ಸಲ ಅಡ್ಡಾಡಿದ ಮೇಲೆ ದೂರದಲ್ಲಿ ಯಾರೋ ಗೋಣಿಚೀಲ ಬಡಿದಂತೆ ಸಣ್ಣಗೆ ಕೇಳಿಸಿತು. ಹಾಂ, ಇದೇ ಅಳತೆ. ಗಿಟ್ಕಿ ಎಂದು ಕೂಗಿದಳು. ಕೋಣೆಯ ಹೊರಗೇ ನಿಂತಿದ್ದ ನಾಯಿ ಬಾಲ ಕಾಲ ಸಂದಿಗೆ ಸೇರಿಸಿಕೊಂಡು, ಹೊಟ್ಟೆ ನೆಲಕ್ಕೆ ತಾಗಿಸಿ ತೆವಳುತ್ತಾ ಬಂದು ಅವಳ ಕಾಲಿನ ಹತ್ತಿರ ಬಿತ್ತು. ಮೈಯೆಲ್ಲ ಗಡಗಡ. ರಂಗಮ್ಮ ಬಗ್ಗಿ ಅದರ ಬೆನ್ನು ಸವರಿದಳು. ಇಷ್ಟು ಸಣ್ಣ ಸದ್ದಿಗೇ ಹೀಗಾದರೆ ದೀಪಾವಳಿ ದಿನ ಇದರ ಗತಿಯೇನು? ಕೊಬ್ಬರಿ ಚೂರು ಬಾಯಿಗಿಟ್ಟಳು. ಕೊಬ್ಬರಿಗೆ ಜೀವ ಬಿಡುವ ನಾಯಿ ಅದನ್ನು ಬಾಯಲ್ಲಿ ಇಟ್ಟುಕೊಂಡು, ನುಂಗದೆ, ಅವಳ ಮುಖವನ್ನೇ ನೋಡುತ್ತಾ ಕೂತಿತು.

ಒಂದು ವಾರವಾಯಿತು, ಎರಡಾಯಿತು. ಸುಧಾರಿಸುವುದಿರಲಿ, ಗಿಟ್ಕಿ ಸೊರಗತೊಡಗಿತು. ಅನ್ನದ ತಟ್ಟೆ ಮೂಸಿ ಬಿಡುತ್ತಿತ್ತು. ಹೇಮಾಶ್ರೀ ಮಿಕ್ಸಿ ಹಾಕಿದರೆ ಮೂಲೆಯಿಂದ ಹಲ್ಲು ಕಿರಿದು ಗುರ್ ಎನ್ನುತ್ತಿತ್ತು. ರಾತ್ರಿ ಊಟದ ಹೊತ್ತಿಗೆ ಗಾನವಿ ಡಾಕ್ಟರಿಗೆ ಫೋನ್ ಮಾಡಿದಳು.

"ಇನ್ನೂ ಕಡಿಮೆ ಮಾಡ್ಬೇಕಂತೆ ಅಜ್ಜಿ."

"ಅದಕ್ಕಿಂತ ಕಮ್ಮಿ ಮಾಡಿದ್ರೆ ಸದ್ದೇ ಇರಲ್ಲ ಕಣೇ! ಇರೋದೇ ಒಂದ್ ಚೂರು."

"ಅಷ್ಟು ಸಣ್ಣ ಸದ್ದಿಗೆ ಹೀಗಾಗಬಾರದಂತೆ. ಮೇಡಂಗೂ ಅರ್ಥ ಆಗ್ತಿಲ್ವಂತೆ."

ಯಾರಿಗೂ ಅರ್ಥವಾಗಲಿಲ್ಲ. ಮಾರನೆಯ ದಿನ ರಂಗಮ್ಮ ತಿರುಗಣಿಯನ್ನು ಹಿಂದಕ್ಕೆ ತಿರುಗಿಸಿದಳು. ಬಾಗಿಲಿಗೆ ಬಂದರೆ ಏನೂ ಕೇಳಿಸದು. ಸದ್ದೇ ಇಲ್ಲದ ಮೇಲೆ ಅಭ್ಯಾಸವೆಲ್ಲಿ ಬಂತು, ಡಾಕ್ಟರು ಹೇಳಿದ ಅಳತೆ ತಪ್ಪುತ್ತದಲ್ಲ ಎಂದು ಮತ್ತೆ ಮುಂದಕ್ಕೆ ತಿರುಗಿಸಿದಳು. ನಾಯಿ ಮತ್ತೆ ನಡುಗಿತು. ಅವಳ ತಲೆ ಕೆಟ್ಟು ಮೊಸರುಗಡಿಗೆಯಾಯಿತು.

ಇದರ ನಡುವೆ ಪಕ್ಕದ ತೋಟದ ಕಾಂತಮ್ಮ ಬೇಲಿಯ ಹತ್ತಿರ ಜಗಳಕ್ಕೆ ನಿಂತಳು.

"ಏನ್ ರಂಗಮ್ಮ, ದಿನಾ ಹನ್ನೊಂದ್ ಗಂಟೆಗೆ ಪಟಾಕಿ ಹೊಡ್ದು ನಿಮ್ ತೋಟದ ಕೋತೀನೆಲ್ಲ ನಮ್ ತೋಟಕ್ಕೆ ಅಟ್ತೀಯಲ್ಲ, ಇದ್ ನ್ಯಾಯವಾ? ಎಳನೀರೆಲ್ಲ ತೂತು ಮಾಡಿ ಹಾಕವೆ!"

"ನಾನ್ಯಾವ ಪಟಾಕಿ ಹೊಡ್ದೆ? ನಿಂಗೇನ್ ಗಾಳಿಗೀಳಿ ಮೆಟ್ಕೊಂಡೈತಾ?"

"ಕಿವಿಯಾರ ಕೇಳೀನಿ ಕಣಮ್ಮ, ಸುಳ್ಳ್ ಯಾಕೆ ಹೇಳ್ಲಿ?"

"ಕೇಳಿದ್ದೆಲ್ಲ ನಮ್ಮನೇದೇ ಅಂತ ಯಾಕಂತೀಯ? ಹೋಗ್ ಹೋಗು!"

ಒಂದು ಸಣ್ಣ ಡಬ್ಬಿಯ ಪಿಸುಪಿಸುವನ್ನು ಯಾರಾದರೂ ಬೇಲಿಯಾಚೆಯಿಂದ ಪಟಾಕಿ ಅನ್ನುವುದುಂಟೇ? ಕಾಂತಮ್ಮನಿಗೆ ವಯಸ್ಸಾಯಿತು, ಪಾಪ, ಇಲ್ಲದ್ದೆಲ್ಲ ಕೇಳಿಸತೊಡಗಿದೆ ಎಂದು ರಂಗಮ್ಮ ಮನಸ್ಸಿನಲ್ಲೇ ಮರುಗಿದಳು. ಆ ವಾರವೇ ಮರಿಯಣ್ಣ ಟೆಂಪೋದಲ್ಲಿ ಬಂದು, ಹೇಳಲೋ ಬೇಡವೋ ಎಂದು ತಲೆ ಕೆರೆದುಕೊಳ್ಳುತ್ತಾ ಒಂದು ಚೀಲ ಮುಂದಿಟ್ಟ. ಒಳಗೆ ಹಸಿರು ಬೂಷ್ಟು ಹಿಡಿದ ಹನ್ನೆರಡು ಕೊಬ್ಬರಿ. "ಕೊಂಡೋರು ವಾಪಸ್ ತಂದ್ ಕೊಟ್ರು, ನಿಮ್ ಮೂಟೇಲೇ ಸಿಕ್ಕಿದ್ದು ಅವ್ವ." ರಂಗಮ್ಮ ಉರಿದುಬಿದ್ದಳು. ಯಾರದೋ ಮಾಲು ಬೆರೆಸಿಕೊಂಡು ತನ್ನ ಹೆಸರು ಹೇಳುತ್ತಾನಲ್ಲ! "ಇರಬೋದು, ಇರಬೋದು" ಎಂದು ಮರಿಯಣ್ಣ ಚೀಲ ಅಲ್ಲೇ ಬಿಟ್ಟು ಹೋದ. ನಾಯಿ ಹೀಗೆ, ನೆರೆಯವಳು ಹಾಗೆ, ಕೊಬ್ಬರಿ ಇನ್ನೊಂದು ಥರ. ಈ ವರ್ಷ ಇಡೀ ಲೋಕವೇ ಸೇರಿಕೊಂಡು ತನ್ನ ಮೇಲೆ ಸುಳ್ಳು ಹೇಳುತ್ತಿದೆಯೇನೋ ಎಂದು ಅವಳಿಗೆ ಗೊಂದಲವಾಯಿತು.

ದೀಪಾವಳಿಗೆ ಇನ್ನು ಹದಿನೈದು ದಿನವಿತ್ತು. ಅವತ್ತು ಯಾರೋ ಹಳೆಯ ಮೇಷ್ಟರು ತೀರಿಕೊಂಡರೆಂದು ಗಾನವಿಯ ಕಾಲೇಜು ಬೇಗ ಬಿಟ್ಟಿತ್ತು. ರಂಗಮ್ಮ ಅಟ್ಟದ ಕೋಣೆಯಲ್ಲಿ ಚಾಪೆಯ ಮೇಲೆ ಕಾಲು ಚಾಚಿ ಕೂತು, ನಾಯಿಯ ತಲೆ ಸವರುತ್ತಿದ್ದಳು. ಪಕ್ಕದಲ್ಲೇ ಸ್ಪೀಕರ್. ಪಕ್ಕದಲ್ಲಿ ಕೂತರೆ ಸದ್ದು ಚೆನ್ನಾಗಿಯೇ ಕೇಳುತ್ತಿತ್ತು, ಮಳೆಗಾಲದಲ್ಲಿ ತಗಡಿನ ಮೇಲೆ ಹನಿ ಬಿದ್ದಷ್ಟು. ತಲೆಯೆತ್ತಿದರೆ ಬಾಗಿಲಲ್ಲಿ ಗಾನವಿ. ಎರಡೂ ಕಿವಿ ಮುಚ್ಚಿಕೊಂಡು ಏನೋ ಕಿರುಚುತ್ತಿದ್ದಾಳೆ. ಬ್ಯಾಗು ಎಸೆದು ಓಡಿಬಂದವಳೇ ತಿರುಗಣಿಯನ್ನು ಹಿಂದಕ್ಕೆ ತಿರುಗಿಸಿದಳು.

ತಗಡಿನ ಹನಿ ನಿಂತುಹೋಯಿತು.

"ಯಾಕೇ ನಿಲ್ಲಿಸ್ದೆ? ಇನ್ನೂ ಹತ್ ನಿಮಿಷ ಆಗಿಲ್ಲ."

ಗಾನವಿ ಅವಳನ್ನೇ ನೋಡಿದಳು. ಮುಖ ಬಿಳಿಚಿಕೊಂಡಿತ್ತು. ಎದುರಿಗೆ ಬಂದು ಮಂಡಿಯೂರಿ ಕೂತು ಹೇಳಿದಳು. "ಅಜ್ಜಿ, ನಾನು ನಿಲ್ಲಿಸಿಲ್ಲ. ಇನ್ನೂ ಹೊಡೀತಾನೇ ಇದೆ."

"ಏನ್ ಹೊಡೀತೈತೆ? ನಂಗೇನ್ ಕಿವಿ ಇಲ್ವಾ?"

ಗಾನವಿ ಅಜ್ಜಿಯ ಕೈ ಹಿಡಿದು ಅಂಗೈಯನ್ನು ಸ್ಪೀಕರಿನ ಜಾಲರಿಯ ಮೇಲೆ ಒತ್ತಿ ಇಟ್ಟಳು. ಅಂಗೈಯಡಿಯಲ್ಲಿ ಏನೋ ಡಬ್ ಡಬ್ ಎಂದು ಒದೆಯಿತು. ಮತ್ತೆ ಒದೆಯಿತು. ಸರಪಟಾಕಿಯೇ ಇರಬೇಕು, ಒಂದರ ಹಿಂದೆ ಒಂದು ಬೆರಳಿಗೆ ತಾಗುತ್ತಿತ್ತು. ಕಿವಿಗೆ ಮಾತ್ರ ಏನೂ ಇರಲಿಲ್ಲ.

"ರಸ್ತೆವರೆಗೂ ಕೇಳಿಸ್ತಿತ್ತು ಅಜ್ಜಿ. ಮನೇಲಿ ಏನೋ ಸಿಡೀತು ಅಂದ್ಕೊಂಡು ಓಡಿಬಂದೆ. ಎಷ್ಟು ದಿನದಿಂದ ಹೀಗೆ?"

ರಂಗಮ್ಮ ಕೈ ತೆಗೆಯಲಿಲ್ಲ. ಎಷ್ಟು ದಿನದಿಂದ? ಅದನ್ನು ಅವಳು ಯಾರನ್ನು ಕೇಳಬೇಕು? ಬೆಳಿಗ್ಗೆ ತಂತಿಯ ಮೇಲೆ ಕೂತ ಹಕ್ಕಿ ಬಾಯಿ ತೆರೆದು ಮುಚ್ಚುತ್ತಿತ್ತು. ಈಗಿನ ಹಕ್ಕಿಗಳಿಗೆ ಕೂಗುವುದೂ ಬೇಸರ ಎಂದು ಬೈದುಕೊಂಡು ಒಳಗೆ ಬಂದಿದ್ದಳು. ಟಿವಿಯ ಸದ್ದನ್ನು ಮಗ ಬೇಕೆಂತಲೇ ಇಳಿಸುತ್ತಾನೆ ಎಂದು ಎಷ್ಟು ಸಲ ಮುನಿಸಿಕೊಂಡಿರಲಿಲ್ಲ? ಸದ್ದುಗಳನ್ನು ಕದ್ದ ಕಳ್ಳ ಹೇಳಿ ಹೋಗಿರಲಿಲ್ಲ. ಯಾವ ಸದ್ದು ಯಾವತ್ತು ಹೋಯಿತೆಂದು ನೆನಪು ಮಾಡಿಕೊಳ್ಳಲು ನೋಡಿದಳು, ಒಂದೂ ಹೊಳೆಯಲಿಲ್ಲ. ಆಮೇಲೆ ಕಣ್ಣು ಗಿಟ್ಕಿಯ ಮೇಲೆ ಬಿತ್ತು. ಇಷ್ಟು ದಿನವೂ ದಿನಾ ಹನ್ನೊಂದಕ್ಕೆ ಇದರ ಕಿವಿಯ ಪಕ್ಕ ಪಟಾಕಿ ಇಟ್ಟವಳು ತಾನು. ಆದರೂ ಕರೆದಾಗಲೆಲ್ಲ ಬಂದಿತ್ತು. ಹೊಟ್ಟೆ ತೆವಳಿಕೊಂಡಾದರೂ ಬಂದಿತ್ತು, ಕರೆದವಳು ತಾನೆಂಬ ಒಂದೇ ಕಾರಣಕ್ಕೆ. ರಂಗಮ್ಮ ನಾಯಿಯನ್ನು ಮಡಿಲಿಗೆ ಎಳೆದುಕೊಂಡು ಗೊಳೋ ಎಂದು ಅತ್ತಳು.

ಅತ್ತು ಮುಗಿದ ಮೇಲೆ ಮೊದಲು ಆಡಿದ ಮಾತು, "ಯಾರಿಗೂ ಹೇಳ್ಬ್ಯಾಡ."

"ಅಜ್ಜಿ, ಹಾಸನಕ್ಕೆ ಹೋಗೋಣ. ಪರೀಕ್ಷೆ ಮಾಡಿ ಮೆಷಿನ್ ಹಾಕ್ತಾರೆ. ಇದರಲ್ಲಿ ನಾಚಿಕೆ ಏನಿದೆ?"

"ನಿಂಗೇನ್ ಗೊತ್ತು? ರಂಗಮ್ಮ ಅಂದ್ರೆ ಕಿವಿ ಕಣೇ. ಕಿವಿ ಹೋದ್ರೆ ಅಟ್ಟದ್ ಮುಂದೆ ನಾನ್ ಯಾರು? ಯಾರೋ ಒಬ್ಳು ಮುದುಕಿ." ಗಾನವಿಯ ಕೈಯನ್ನು ತನ್ನ ತಲೆಯ ಮೇಲಿಟ್ಟುಕೊಂಡು ಆಣೆ ಮಾಡಿಸಿದಳು. ಹುಡುಗಿ ಒಲ್ಲದ ಮನಸ್ಸಿನಿಂದ ಹೂಂ ಎಂದಳು.

ಆದರೆ ಅವತ್ತೇ ಸಂಜೆ ಹೇಮಾಶ್ರೀ ಪಾತ್ರೆ ಎತ್ತಿಡುವಾಗ ತಟ್ಟೆ ಕೈಜಾರಿ ಬಿದ್ದು, ನಾಯಿ ಅವಳ ಸೀರೆಯ ಅಂಚನ್ನು ಕಚ್ಚಿ ಹರಿಯಿತು. ಚೇತನ ಹರಿದ ಅಂಚನ್ನು ನೋಡಿದ, ಫೋನ್ ತೆಗೆದು ಅಂಗಳಕ್ಕೆ ಹೋದ. ಅವನು ಏನು ಮಾತಾಡಿದನೆಂದು ರಂಗಮ್ಮನಿಗೆ ಕೇಳಿಸಲಿಲ್ಲ. ಗಾನವಿಯ ಮುಖ ನೋಡಿದಾಗ ಗೊತ್ತಾಯಿತು. ದೀಪಾವಳಿಯವರೆಗೂ ಕಾಯುವುದಿಲ್ಲ, ಭಾನುವಾರವೇ ಇಂದುಧರ ಬರುತ್ತಾನೆ.

ಭಾನುವಾರದವರೆಗೆ ರಂಗಮ್ಮ ಸರಿಯಾಗಿ ಊಟ ಮಾಡಲಿಲ್ಲ. ಹೇಳಿದರೆ ಹೆಸರು ಹೋಗುತ್ತದೆ, ಹೇಳದಿದ್ದರೆ ನಾಯಿ ಹೋಗುತ್ತದೆ. ಮನೆಯಲ್ಲಿ ಒಬ್ಬೊಬ್ಬರ ಮುಖ ನೋಡಿದಾಗಲೂ ಈಗ ಹೇಳಿಬಿಡಲೇ ಎನಿಸುತ್ತಿತ್ತು, ಬಾಯಿ ತೆರೆದರೆ ಬೇರೆ ಏನೋ ಮಾತು ಬರುತ್ತಿತ್ತು. ಉಪ್ಪು ಜಾಸ್ತಿಯಾಗಿದೆ ಎಂದೋ, ಪಂಪು ಆಫ್ ಮಾಡಿದಿರಾ ಎಂದೋ.

ಇಂದುಧರ ಬೆಳಿಗ್ಗೆ ಹತ್ತಕ್ಕೆ ಜೀಪು ತಂದ. ದೊಡ್ಡ ಮೈಯ, ಮೆತ್ತಗಿನ ಮನುಷ್ಯ. ಚೇತನ ಸರಪಳಿ ಹಾಕಿ ಎಳೆದ. ಗಿಟ್ಕಿ ನಾಲ್ಕೂ ಕಾಲು ನೆಲಕ್ಕೆ ಊರಿ, ಉಗುರಿನಲ್ಲಿ ಸಿಮೆಂಟು ಕೆರೆಯುತ್ತಾ, ಸಂದಿ ಸಿಕ್ಕಿದ ಕೂಡಲೇ ನುಸುಳಿ ಜಗಲಿಯಲ್ಲಿ ಕೂತಿದ್ದ ರಂಗಮ್ಮನ ಸೀರೆಯೊಳಗೆ ಮೂತಿ ತೂರಿಸಿತು. ಲೋಕದಲ್ಲಿ ಬೇರೆ ಯಾರೂ ಇಲ್ಲ ಎನ್ನುವ ಹಾಗೆ ಇವಳ ಹತ್ತಿರವೇ ಬಂತು.

"ಚೇತ, ಒಂದ್ ಗಳಿಗೆ ತಡಿ" ಎಂದಳು ರಂಗಮ್ಮ.

ಎದ್ದು ಜಗಲಿಯ ಪಕ್ಕದ ರಾಶಿಯಿಂದ ಒಂದು ಕಾಯಿ ತೆಗೆದುಕೊಂಡಳು. ಕಿವಿಯ ಪಕ್ಕ ಎರಡು ಸಲ ಕುಲುಕಿದಳು. ಒಳಗಿನ ಗಿಟುಕು ಓಡಾಡುವುದು ಕೈಗೆ ತಿಳಿಯುತ್ತಿತ್ತು. ಕಾಯಿಯನ್ನು ಇಂದುಧರನಿಗೆ ಕೊಟ್ಟಳು.

"ಇದ್ರಾಗೆ ನೀರೈತಾ ನೋಡಪ್ಪ."

ಇಂದುಧರ ನಕ್ಕ. "ಇದನ್ನ ನೀವು ನನ್ನ ಕೇಳೋದಾ ಅಮ್ಮ?"

"ಕೇಳ್ಸಿದ್ ಹೇಳು."

ಅವನು ಕುಲುಕಿದ. "ನೀರಿದೆ. ಚೆನ್ನಾಗೇ ಕೇಳಿಸ್ತದಲ್ಲ."

"ನಂಗ್ ಕೇಳ್ಸಲ್ಲ" ಎಂದಳು ರಂಗಮ್ಮ.

ಚೇತನ ಸರಪಳಿ ಹಿಡಿದಂತೆಯೇ ನಿಂತ. ತಾಯಿ ಏನೋ ನಾಟಕ ಆಡುತ್ತಿದ್ದಾಳೆ ಎಂದುಕೊಂಡನೋ ಏನೋ, ಗಾನವಿಯ ಕಡೆ ನೋಡಿದ, ಮತ್ತೆ ತಾಯಿಯ ಕಡೆ ನೋಡಿದ. "ಏನವ್ವ ನೀನ್ ಹೇಳೋದು?"

"ಕಿವಿ ಹೋಗೈತೆ ಕಣೋ. ಮರಿಯಣ್ಣ ತಂದಿದ್ ಬೂಷ್ಟು ಕೊಬ್ಬರಿ ನಂದೇ. ಕಾಂತಮ್ಮ ಹೇಳಿದ್ದೂ ನಿಜವೇ. ಸಣ್ಣಗೆ ಹಾಕಿವ್ನಿ ಅಂದ್ಕೊಂಡು ದಿನಾ ಈ ಮೂಕಪ್ರಾಣಿ ಕಿವೀಗೆ ಪಟಾಕಿ ಹಚ್ಚಿದೀನಿ. ಕೆಟ್ಟಿರೋದು ನಾಯಲ್ಲ, ಅಳತೆ. ಕಳ್ಸೋದಾದ್ರೆ ನನ್ನ ಕಳ್ಸು ಅರೇಹಳ್ಳಿಗೆ. ಆನೆ ಬಂದ್ರೂ ನಂಗ್ ಕೇಳ್ಸಲ್ಲ, ಆರಾಮಾಗಿ ಮಲ್ಕೊಂಡಿರ್ತೀನಿ!" ಕೊನೆಯ ಮಾತಿಗೆ ತಾನೇ ನಗಲು ಹೋಗಿ, ಸೆರಗಿನಿಂದ ಕಣ್ಣೊರೆಸಿಕೊಂಡಳು.

ಯಾರೂ ನಗಲಿಲ್ಲ. ಹೇಮಾಶ್ರೀ ಬಾಗಿಲು ಬಿಟ್ಟು ಹೊರಗೆ ಬಂದಳು. ಅತ್ತೆಯ ಎದುರಿಗೆ ನಿಂತಳು.

"ಅದಕ್ಕೇನಾ ಅತ್ತೆ, ನಾನು ಹಿಂದಿನಿಂದ ಕರೆದ್ರೆ ತಿರುಗಿ ನೋಡದೆ ಹೋಗ್ತಿದ್ದದ್ದು?" ಎಂದಳು. "ನಾಯಿ ವಿಷಯಕ್ಕೆ ನನ್ನ ಮೇಲೆ ಸಿಟ್ಟು ಅಂದ್ಕೊಂಡಿದ್ದೆ. ಒಂದು ವರ್ಷದಿಂದ."

"ಅಯ್ಯೋ ನಿನ್! ನೀನೇ ನನ್ ಕೂಡೆ ಮಾತು ಬಿಟ್ಟಿದೀಯ ಅಂದ್ಕೊಂಡಿದ್ನಲ್ಲೇ ನಾನು!"

ಅತ್ತೆ ಸೊಸೆ ಒಬ್ಬರನ್ನೊಬ್ಬರು ಪೆದ್ದುಪೆದ್ದಾಗಿ ನೋಡಿಕೊಂಡು ನಿಂತರು. ಇಂದುಧರ ಕಾಯಿಯನ್ನು ಮೆಲ್ಲಗೆ ರಾಶಿಯ ಮೇಲಿಟ್ಟು, "ನಾಯಿ ಇಲ್ಲೇ ಇರ್ಲಿ ಮಾರಾಯ" ಎಂದು ಚೇತನನ ಬೆನ್ನು ತಟ್ಟಿ, ಕಾಫಿ ಕುಡಿದು ಹೋದ. ಚೇತನ ಸರಪಳಿ ಬಿಚ್ಚಿದ. ಆದರೂ ತನ್ನ ಮಾತು ಪೂರ್ತಿ ಬಿಡಲಿಲ್ಲ. "ತುಳಸಿ ಹಬ್ಬದವರೆಗೆ ನೋಡ್ತೀನಿ ಅವ್ವ. ಅಷ್ಟರಲ್ಲಿ ಯಾರಿಗಾದ್ರೂ ಕಚ್ಚಿದ್ರೆ, ಓಡೋದ್ರೆ, ಆಮೇಲೆ ನನ್ನ ಕೇಳ್ಬೇಡ" ಎಂದ. ಎದುರಿಗೆ ನಿಂತು, ಬಾಯಿ ದೊಡ್ಡದು ಮಾಡಿ ಹೇಳಿದ. ಅಷ್ಟಾದರೂ ಕಲಿತನಲ್ಲ.

ಡಾಕ್ಟರ್ ಮಂಜುಳಾ ವಿಷಯ ಕೇಳಿ ತಲೆ ಚಚ್ಚಿಕೊಂಡಳಂತೆ. ಇನ್ನು ಮೇಲೆ ಮನುಷ್ಯರ ಕಿವಿ ಬೇಡವೇ ಬೇಡ, ನಾಯಿಯ ಕಿವಿಯನ್ನೇ ನೋಡಿ ಎಂದು ಹೇಳಿಕಳಿಸಿದಳು. ಅದು ಅಲ್ಲಾಡಿದರೆ ಸದ್ದು ಜಾಸ್ತಿಯಾಯಿತೆಂದು ಅರ್ಥ. ಹಾಸನದ ಕಿವಿ ಡಾಕ್ಟರ ಹತ್ತಿರವೂ ಗಾನವಿ ಅಜ್ಜಿಯ ಹೆಸರು ಬರೆಸಿದಳು, ಹಬ್ಬ ಕಳೆದ ಮೇಲೆ ಎಂದು ರಂಗಮ್ಮ ಒಪ್ಪಿದಳು. ತಿರುಗಣಿಯನ್ನು ಮಾತ್ರ ಬೇರೆಯವರ ಕೈಗೆ ಕೊಡಲಿಲ್ಲ. ಕೆಡಿಸಿದವಳು ತಾನು, ಸರಿಮಾಡುವವಳೂ ತಾನೇ.

ಗಿಟ್ಕಿ ಅಟ್ಟದ ಕೋಣೆಗೆ ಕಾಲಿಡಲು ಒಪ್ಪಲಿಲ್ಲ. ಒಪ್ಪದಿದ್ದರೆ ಬೇಡ ಎಂದು ರಂಗಮ್ಮ ನಾಲ್ಕು ದಿನ ಸುಮ್ಮನೆ ಹಿತ್ತಲ ನೀರಿನ ತೊಟ್ಟಿಯ ಹತ್ತಿರ ಕೊಬ್ಬರಿ ಹಿಡಿದು ಕೂತಳು. ಸ್ಪೀಕರ್ ಪಕ್ಕದಲ್ಲಿತ್ತು, ಸದ್ದಿರಲಿಲ್ಲ. ಐದನೆಯ ದಿನ ನಾಯಿಯ ಕಿವಿಯ ತುದಿಯ ಮೇಲೇ ಕಣ್ಣಿಟ್ಟು ತಿರುಗಣಿಯನ್ನು ಅಲುಗಿಸಿದಳು. ತುದಿ ಮಿಡುಕಿತು. ಹಿಂದಕ್ಕೆ ತಂದಳು. ತಿರುಗಣಿ ನಿಂತ ಆ ಜಾಗಕ್ಕೆ ಹೇಮಾಶ್ರೀ ತನ್ನದೊಂದು ಬಿಂದಿ ತಂದು ಗುರುತಿಗೆ ಅಂಟಿಸಿದಳು. ರಂಗಮ್ಮನಿಗೆ ಏನೂ ಕೇಳಿಸುತ್ತಿರಲಿಲ್ಲ. ಡಬ್ಬಿ ಹಾಡುತ್ತಿದೆಯೋ ಸತ್ತಿದೆಯೋ ಒಂದೂ ತಿಳಿಯದೆ, ಕೇವಲ ಒಂದು ಕಿವಿಯ ಮೇಲಿನ ಕೂದಲು ನೋಡುತ್ತಾ ಹತ್ತು ನಿಮಿಷ ಕೂರುವುದು ಎಂಥ ಪರದಾಟ ಎಂದು ಅನುಭವಿಸಿದವರಿಗೇ ಗೊತ್ತು. ಆದರೆ ಕೊಬ್ಬರಿ ಚೂರು ಈಗ ಗಿಟ್ಕಿಯ ಬಾಯಿಂದ ಹೊಟ್ಟೆಗೆ ಇಳಿಯುತ್ತಿತ್ತು.

ದೀಪಾವಳಿಯ ಮೂರು ದಿನ ಕಷ್ಟವೇ ಆಯಿತು. ಕಿಟಕಿಗೆಲ್ಲ ಕಂಬಳಿ ಕಟ್ಟಿ, ಸೊಸೆ ಒಂದು ಕಡೆ ಅತ್ತೆ ಒಂದು ಕಡೆ ಕೂತು ಕಾದರು. ಗಿಟ್ಕಿ ನಡುಗಿತು, ಜೊಲ್ಲು ಸುರಿಸಿತು, ಚಾಪೆ ಒದ್ದೆ ಮಾಡಿತು. ಓಡಲಿಲ್ಲ, ಕಚ್ಚಲಿಲ್ಲ. ಮತ್ತೆ ಮಾರನೆಯ ದಿನದಿಂದ ತೊಟ್ಟಿಯ ಹತ್ತಿರ ತಿರುಗಣಿ, ಕೊಬ್ಬರಿ, ಕಿವಿಯ ತುದಿ. ಬಿಂದಿಗಳು ಒಂದರ ಪಕ್ಕ ಒಂದು ನಾಲ್ಕಾದವು.

ತುಳಸಿ ಹಬ್ಬದ ಸಂಜೆ. ಬೃಂದಾವನದ ಮುಂದೆ ದೀಪ ಹಚ್ಚಿ, ನೆಲ್ಲಿಯ ಕೊಂಬೆ ಸಿಕ್ಕಿಸಿ ರಂಗಮ್ಮ ಒಳಗೆ ಬಂದಳು. ಇವತ್ತು ಗಿಟ್ಕಿ ತಾನಾಗಿಯೇ ಅಟ್ಟದ ಕೋಣೆಗೆ ಬಂದು ಚಾಪೆಯ ಮೇಲೆ ಮಲಗಿತ್ತು. ಅವಳು ಪಕ್ಕದಲ್ಲಿ ಕೂತು, ಅದರ ಮುಂದೆ ಕೊಬ್ಬರಿ ಚೂರು ಹಾಕಿ, ಬೆನ್ನ ಮೇಲೆ ಅಂಗೈ ಇಟ್ಟಳು. ಹೊರಗೆ ಪಟಾಕಿ ಶುರುವಾಯಿತೆಂದು ಮೊದಲು ತಿಳಿದದ್ದು ಆ ಅಂಗೈಗೆ. ಬೆನ್ನು ಒಮ್ಮೆ ಸೆಟೆಯಿತು, ಸಡಿಲವಾಯಿತು. ಮತ್ತೆ ಸೆಟೆಯಿತು. ಇದು ದೊಡ್ಡದಿರಬೇಕು, ಇದು ಚಿಕ್ಕದು, ಇದು ದೂರದ್ದು ಎಂದು ಅವಳು ಬೆನ್ನಿನಿಂದಲೇ ಅಳೆಯುತ್ತಾ ಹೋದಳು. ಒಂದೆರಡು ಭಾರೀ ಏಟು ಅವಳ ಕಿವಿಗೂ ಬಂದವು, ಗೋಣಿಚೀಲ ಬಡಿದಂತೆ. ಅಮ್ಮಾ ತುಳಸಿ, ಇದೊಂದು ಸಂಜೆ ದಾಟಿಸಿಬಿಡು ಎಂದುಕೊಂಡಳು.

ನಡುಕ ಕಡಿಮೆಯಾಗುತ್ತಾ ಬಂತು. ಆಮೇಲೆ ನಿಂತೇಹೋಯಿತು. ಬೆನ್ನು ಮೆತ್ತಗೆ ಏರುತ್ತಾ ಇಳಿಯುತ್ತಾ ಇತ್ತು, ಅಷ್ಟೇ. ಸದ್ಯ ಮುಗಿಯಿತಲ್ಲ ಎಂದು ರಂಗಮ್ಮ ಉಸಿರು ಬಿಟ್ಟಳು. ಬಾಗಿಲಲ್ಲಿ ಗಾನವಿ ನಿಂತಿದ್ದಳು, ಅವಳ ಹಿಂದೆ ಚೇತನ.

"ಪಟಾಕಿ ಮುಗೀತೇನೇ?" ಎಂದು ಕೇಳಿದಳು.

ಗಾನವಿ ಅಜ್ಜಿಗೆ ಮುಖ ಕಾಣುವಂತೆ ಎದುರಿಗೆ ಬಂದು ಕೂತಳು. ಅವಳ ಕಣ್ಣು ತುಂಬಿತ್ತು.

"ಇಲ್ಲ ಅಜ್ಜಿ. ಕಾಂತಜ್ಜಿ ಮನೇವ್ರು ಬೇಲಿ ಹತ್ರಾನೇ ಸರಪಟಾಕಿ ಹಚ್ಚಿದಾರೆ. ಇನ್ನೂ ಹೊಡೀತಾನೇ ಇದೆ."

ರಂಗಮ್ಮ ಗಿಟ್ಕಿಯನ್ನು ನೋಡಿದಳು. ಅದು ಎರಡು ಮುಂಗಾಲಿನ ನಡುವೆ ಕೊಬ್ಬರಿ ಚೂರು ಒತ್ತಿಹಿಡಿದು, ತಲೆ ಓರೆ ಮಾಡಿಕೊಂಡು ಕಡಿಯುತ್ತಿತ್ತು. ಕಟಕಟ ಅಗಿಯುವುದು ಬೆನ್ನಿನಗುಂಟ ಬಂದು ಅವಳ ಅಂಗೈಗೆ ತಿಳಿಯುತ್ತಿತ್ತು.